ಸೊಟ್ಟ ಹೊಲಿಗೆ

ಹೊಲಿಗೆ ಸೊಟ್ಟ ಎಂದು ಜಯಶೀಲಳನ್ನು ಗಾರ್ಮೆಂಟ್ಸ್ ಕೆಲಸದಿಂದ ತೆಗೆದುಹಾಕಿದ್ದ ಸೂಪರ್‌ವೈಸರ್, ಎಂಟು ತಿಂಗಳ ನಂತರ ಅವಳ ಟೈಲರಿಂಗ್ ಅಂಗಡಿಯ ಪೂಜೆಗೆ ಹೆಂಡತಿಯೊಡನೆ ಬಂದ. ಆಮಂತ್ರಣ ಅವನ ಮನೆಗೇ ಹೋಗಿತ್ತು.

“ನಾನು ತೆಗೆದುಹಾಕದೇ ಇದ್ದಿದ್ರೆ ನೀನು ಅಂಗಡಿ ಇಡ್ತಿದ್ಯಾ?” ಎಂದು ಬಂದವರಿಗೆಲ್ಲ ಕೇಳುವಂತೆ ಕೇಳಿದ.

“ಇಲ್ಲ ಸಾರ್. ಇನ್ನೂ ನಿಮ್ಮ ಬೈಗುಳ ತಿಂತಾ ಕೂತಿರ್ತಿದ್ದೆ.”

“ಮತ್ತೆ? ಆ ತಟ್ಟೆ ನನಗೇ ತಾನೇ?” ಅವಳ ಕೈಯಲ್ಲಿದ್ದ ತಾಂಬೂಲದ ತಟ್ಟೆಗೆ ಅವನು ಕೈ ಚಾಚಿದ.

ಜಯಶೀಲ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. “ಇದರಲ್ಲಿರೋದು ಅರಿಶಿನ ಕುಂಕುಮ, ರವಿಕೆ ಕಣ. ನಾನು ಬಾಡಿಗೆ ಮಿಷನ್ ತಂದು ಮನೇಲಿ ಕೂತಾಗ ಯಾರೂ ಬಟ್ಟೆ ಕೊಡಲಿಲ್ಲ. ಸೊಟ್ಟ ಹೊಲೀತಾಳೆ ಅಂತ ನೀವು ಊರೆಲ್ಲ ಹೇಳ್ಕೊಂಡು ಬಂದಿದ್ರಿ. ಆಗ ಒಬ್ರು ಧೈರ್ಯ ಮಾಡಿ ಬಟ್ಟೆ ತಂದುಕೊಟ್ರು. ಆಮೇಲೆ ಅವರ ಬೀದಿ ಹೆಂಗಸರನ್ನೆಲ್ಲ ಕರ್ಕೊಂಡು ಬಂದ್ರು. ಇದು ಅವರಿಗೆ.”

“ಯಾರಮ್ಮ ಆ ಮಹಾತಾಯಿ?” ಅವನು ಸುತ್ತ ನೋಡಿ ನಕ್ಕ. “ನೀನು ಹೊಲಿದಿದ್ದನ್ನ ಮೈಮೇಲೆ ಹಾಕ್ಕೊಂಡೋರು ಯಾರು, ನಾನೂ ನೋಡ್ತೀನಿ.”

“ತಗೊಳ್ಳಿ ಅಕ್ಕ,” ಎಂದು ಜಯಶೀಲ ಅವನನ್ನು ದಾಟಿ, ಹಿಂದೆ ನಿಂತಿದ್ದ ಅವನ ಹೆಂಡತಿಯ ಕೈಗೆ ತಟ್ಟೆ ಕೊಟ್ಟಳು.

ಆಕೆ ಕುಂಕುಮ ಇಟ್ಟುಕೊಂಡು, ಗಂಡನ ಅಂಗಿಯ ಕಾಲರನ್ನು ಎರಡು ಬೆರಳಲ್ಲಿ ಹಿಡಿದೆತ್ತಿದಳು. “ಸವೆದುಹೋಗಿದ್ದ ಇದನ್ನ ತಿರುಗಿಸಿ ಹೊಲಿದವಳು ಇವಳೇ ರೀ. ಆರು ತಿಂಗಳಿಂದ ಹಾಕ್ಕೊಂಡು ಫ್ಯಾಕ್ಟರಿಗೆ ಹೋಗ್ತಿದ್ದೀರಲ್ಲ, ಸೊಟ್ಟ ಎಲ್ಲಿದೆ ತೋರಿಸಿ.”