ಲಿಂಕನ್ನೋ, ಕ್ಯಾಡಿಲಾಕೋ

"ಬಾಗಿಲು ಇನ್ನೊಂದ್ಸಲ ಹಾಕಿ," ಎಂದಳು ಆರ್ಡೆಲ್ಲಾ.

ಪರ್ನೆಲ್ ಹಳೆಯ ಕ್ಯಾಡಿಲಾಕ್ ಕಾರಿನ ಹಿಂಬಾಗಿಲನ್ನು ಮೂರನೆಯ ಬಾರಿ ಮುಚ್ಚಿದ. ಮೆತ್ತಗಿನ ಸದ್ದು. ಪಕ್ಕದ ಲಿಂಕನ್ ಕಾರಿನ ಬಾಗಿಲಿನ ಸದ್ದು ಬೀಗ ಬಿದ್ದ ಹಾಗಿತ್ತು.

"ಒಳಗೆ ಮಲಗಿದೋರು ಯಾರೂ ಇದುವರೆಗೆ ಸದ್ದಿನ ಬಗ್ಗೆ ದೂರು ಹೇಳಿಲ್ಲಮ್ಮಾ."

ಡೆಟ್ರಾಯಿಟ್‌ನಲ್ಲಿ ನಲವತ್ತು ವರ್ಷಗಳಿಂದ ಹೆಣ ಸಾಗಿಸುತ್ತಿದ್ದವನು ಪರ್ನೆಲ್. ಹೆಂಗಸರು ಅಳದೆ ಬಿಗಿದು ನಿಂತರೆ ನಗಿಸಿ ನೋಡುತ್ತಿದ್ದ. ಆರ್ಡೆಲ್ಲಾ ನಗಲಿಲ್ಲ. ಕಿಟಕಿಯಾಚೆ ಬೀದಿ ನೋಡಿದಳು. ಪರಿಚಯದವರ ಕಣ್ಣಿಗೆ ಬೀಳಬಾರದೆಂದೇ ಊರಿನ ಈ ತುದಿಗೆ ಬಂದಿದ್ದಳು.

ಎರಡೂ ಅರವತ್ತರ ದಶಕದ ಶವವಾಹನಗಳು. ಲಿಂಕನ್ ಇಸ್ತ್ರಿ ಮಾಡಿದ ಕರಿಯ ಕೋಟಿನಂತೆ ನೇರ. ಕ್ಯಾಡಿಲಾಕಿಗೆ ಹಿಂದೆ ರೆಕ್ಕೆಯಂಥ ಚೂಪು ಅಂಚು, ಮೈತುಂಬ ಬೆಳ್ಳಿಯ ಹೊಳಪು.

ಅವಳ ಗಂಡ ಕ್ಲಿಯೋಫಸ್ ಮೂವತ್ತೊಂದು ವರ್ಷ ಲಿಂಕನ್ ಕಾರ್ಖಾನೆಯಲ್ಲಿ ದುಡಿದವನು. ತನ್ನ ತಂಗಿಯ ಮದುವೆಗೆ ಎದುರಾಳಿ ಕಂಪನಿಯ ಕ್ಯಾಡಿಲಾಕ್ ಗೊತ್ತುಮಾಡಿದರೆಂದು ಸಿಟ್ಟಾಗಿ ಹಿಮದಲ್ಲಿ ನಡೆದೇ ಚರ್ಚಿಗೆ ಹೋಗಿದ್ದ. ತೆಳ್ಳನೆಯ ಶೂನಲ್ಲಿ ಅವಳೂ ಹಿಂದೆಯೇ ನಡೆದಿದ್ದಳು. ಸ್ಮಶಾನಕ್ಕೆ ಕಾರ್ಖಾನೆಯ ಹಳೆಯ ಜೊತೆಗಾರರೆಲ್ಲ ಬರುತ್ತಾರೆ. ಅಲ್ಲಿ ಕ್ಯಾಡಿಲಾಕ್ ಬಂದು ನಿಂತರೆ ಕ್ಲಿಯೋಫಸ್‌ನ ಮಾನ ಹೋದಂತೆಯೇ.

"ಕ್ಲಿಯೋಫಸ್ ಅವರು ಲಿಂಕನ್‌ನವರು ಅಂದ್ರಿ. ಮತ್ತೆ ಇಷ್ಟೊಂದು ಯೋಚನೆ ಯಾಕಮ್ಮಾ?"

"ಕ್ಯಾಡಿಲಾಕ್ ಕುಲುಕುತ್ತಾ?"

"ತೊಟ್ಟಿಲು ತೂಗಿದ ಹಾಗೆ ಹೋಗುತ್ತೆ. ಲಿಂಕನ್ ಗಟ್ಟಿಮುಟ್ಟು, ಆದ್ರೆ ಗುಂಡಿ ಬಂದ್ರೆ ಗೊತ್ತಾಗುತ್ತೆ."

ಅವಳು ಕ್ಯಾಡಿಲಾಕಿನ ಮಖಮಲ್ ಪರದೆ ಮುಟ್ಟಿದಳು. ಇಷ್ಟು ವರ್ಷ ಇಂಥ ಕಾರುಗಳನ್ನು ಅಡುಗೆಮನೆಯ ಕಿಟಕಿಯಿಂದಷ್ಟೇ ನೋಡಿದ್ದಳು.

"ಇದೇ ಇರಲಿ."

"ಅಯ್ಯೋ, ಯಜಮಾನರು ಎದ್ದು ಕೂತು ಬೈತಾರೆ!"

"ಬೈತಾರೆ. ಅದಕ್ಕೇ ಇವತ್ತೇ ಸಹಿ ಹಾಕಿಬಿಡ್ತೀನಿ. ಆಮೇಲೆ ಯಾರಿಗೂ ಬದಲಾಯಿಸೋಕೆ ಆಗಬಾರದು."

"ಕೊನೇ ಸವಾರೀಲಾದ್ರೂ ಅವರಿಷ್ಟ ನಡೀಬೇಡ್ವೇ ತಾಯಿ?"

"ಇಷ್ಟು ದಿನ ಅವರದೇ ನಡೆದಿದೆ."

ಗಂಡ ಕಣ್ಣು ಮುಚ್ಚಿದ ಮೇಲೆ ಹಗೆ ತೀರಿಸಿಕೊಳ್ಳುವ ಹೆಂಗಸರನ್ನು ಪರ್ನೆಲ್ ಮೊದಲೂ ಕಂಡಿದ್ದ. ಮುಖ ಗಂಟಿಕ್ಕಿಕೊಂಡೇ ಕಾಗದ ತೆಗೆದ. ಮೃತರ ಹೆಸರಿನ ಜಾಗದಲ್ಲಿ ಕ್ಲಿಯೋಫಸ್ ಎಂದು ಬರೆಯಹೊರಟಾಗ ಅವಳು ಗಾಬರಿಯಿಂದ ಅವನ ಕೈ ಹಿಡಿದಳು.

"ಅವರು ಮನೇಲಿ ಊಟಕ್ಕೆ ನನ್ನ ದಾರಿ ಕಾಯ್ತಿದ್ದಾರೆ. ನನ್ನ ಹೆಸರು ಬರ್ಕೊಳ್ಳಿ. ಡಾಕ್ಟರು ಎರಡೇ ತಿಂಗಳು ಅಂದಿದ್ದನ್ನ ಅವರಿಗೆ ನಾನಿನ್ನೂ ಹೇಳಿಲ್ಲ."