ದೊಡ್ಡವಳ ಪಾಲಿನ ಸುಣ್ಣ

ಇಬ್ಬರು ಹೆಣ್ಣುಮಕ್ಕಳಿಗೂ ಸಮವಾಗಿ ಹಂಚಿದ್ದ ತರಕಾರಿ ತೋಟದಲ್ಲಿ, ಅಪ್ಪ ಸುಣ್ಣದ ಮೂಟೆಯನ್ನು ಧೊಪ್ಪನೆ ಇಳಿಸಿದ್ದು ದೊಡ್ಡವಳ ಪಾಲಿನಲ್ಲೇ. ಆಗಷ್ಟೇ ಕಿತ್ತ ಬೀಟ್‌ರೂಟ್ ಅವಳ ಕೈಯಲ್ಲಿತ್ತು, ಗೋಲಿಗಿಂತ ಚೂರು ದಪ್ಪ. ಬೇಲಿಯಾಚೆ ತಂಗಿ ಮುಷ್ಟಿಗಾತ್ರದವನ್ನು ಕಿತ್ತು ದಬದಬ ಬುಟ್ಟಿಗೆ ಹಾಕುತ್ತಿದ್ದಳು.

"ಅವಳಿಗೆ ಬೆಣ್ಣೆ, ನನಗೆ ಸುಣ್ಣ ಅಂತ ಇಷ್ಟು ದಿನ ಬರೀ ಬಾಯಲ್ಲಿ ಹೇಳ್ತಿದ್ದೆ," ಅಂದಳು ದೊಡ್ಡವಳು. "ಇವತ್ತು ಮೂಟೆನೇ ಹೊತ್ತು ತಂದ್ಬಿಟ್ಟೆಯಲ್ಲಪ್ಪಾ."

ಅಪ್ಪ ನಗಲಿಲ್ಲ. ಕುಕ್ಕರುಗಾಲಲ್ಲಿ ಕೂತು ಮೂಟೆಯ ಹೊಲಿಗೆ ಬಿಚ್ಚತೊಡಗಿದ. "ಮಣ್ಣು ಪರೀಕ್ಷೆ ಮಾಡಿಸ್ದೆ. ನಿನ್ನ ಕಡೆದು ಹುಳಿಯಾಗಿದೆಯಂತೆ. ಬೇರಿಗೆ ಇಳಿಯೋಕೇ ಆಗ್ತಿಲ್ಲ. ಸುಣ್ಣ ಬಿದ್ರೇನೇ ಸರಿಹೋಗೋದು."

"ಅವಳದ್ಯಾಕೆ ಹುಳಿಯಾಗಿಲ್ಲ? ಮಧ್ಯ ಇರೋದು ಒಂದು ಬೇಲಿ ತಾನೆ?"

ದಾರ ಗಂಟುಬಿತ್ತು. ಅಪ್ಪ ಆ ಗಂಟನ್ನೇ ನೋಡುತ್ತ ಹೇಳಿದ. "ಅವಳ ಕಡೆ ಯೂರಿಯಾ ಎರಚೋವಾಗ ಪ್ರತಿ ಸಲ ಒಂದಿಷ್ಟು ಉಳಿಸ್ಕೋತಿದ್ದೆ. ದೊಡ್ಡವಳದು ಒಂದು ಕೈ ಹೆಚ್ಚಾಗೇ ಬರ್ಲಿ ಅಂತ ಅದನ್ನೂ ತಂದು ಇಲ್ಲೇ ಸುರೀತಿದ್ದೆ. ಯೂರಿಯಾ ಅತಿಯಾಗೇ ಮಣ್ಣು ಹುಳಿಯಾಗಿದ್ದು."

ದೊಡ್ಡವಳು ಕೈಯಲ್ಲಿದ್ದ ಗೋಲಿಯಂಥ ಬೀಟ್‌ರೂಟನ್ನು ಮೆಲ್ಲಗೆ ಜೇಬಿಗಿಳಿಸಿದಳು. ಬೇಲಿಯಾಚೆ ಬುಟ್ಟಿಯ ಸದ್ದು ನಿಂತುಹೋಗಿತ್ತು. ಅವಳು ಅಪ್ಪನ ಪಕ್ಕ ಕೂತು, ದಾರವನ್ನು ಅವನ ಕೈಯಿಂದ ತೆಗೆದುಕೊಂಡು ಗಂಟು ಬಿಡಿಸತೊಡಗಿದಳು.

"ಮೆಲ್ಲಗೆ ಮಾತಾಡಪ್ಪಾ," ಅಂದಳು. "ಅವಳ ಕಿವಿಗೆ ಬಿದ್ರೆ ನೊಂದ್ಕೋತಾಳೆ."