ಜನಿವಾರಕ್ಕೆ ಕಟ್ಟಿದ ಕೀ

ದೇವರಾಣೆ, ಇದು ನಡೆದದ್ದೇ. ಕಾಪುವಿನಲ್ಲಿ, ಎಂಬತ್ತೆರಡನೇ ಇಸವಿಯ ಉಪಾಕರ್ಮದ ದಿನ. ಎಲೆಯ ಮೇಲೆ ಹಯಗ್ರೀವ, ಎಲೆಯ ಮುಂದೆಯೂ ಹಯಗ್ರೀವ. ಮೇಲಿದ್ದದ್ದು ಕಡಲೆಬೇಳೆ-ಬೆಲ್ಲದ ಸಿಹಿ. ಮುಂದೆ ಕೂತದ್ದು ಬ್ಯಾಂಕಿನ ಹಯಗ್ರೀವ ರಾಯರು. ಬಡಿಸಲು ಬಗ್ಗಿದ ಹೆಂಡತಿ ಸುಭಾಷಿಣಿಯ ಸೌಟು ಅರ್ಧದಲ್ಲೇ ನಿಂತಿತು.

"ಅಯ್ಯೋ, ನಿಮ್ಮ ಜನಿವಾರದಲ್ಲಿ ಕೀ ಇಲ್ಲವಲ್ಲ!"

ರಾಯರ ಎಡಗೈ ಎದೆಗೆ ಹಾರಿತು. ಬೆಳಿಗ್ಗೆಯಷ್ಟೇ ಹಾಕಿಕೊಂಡ ಹೊಸ ಜನಿವಾರ, ಬೆಳ್ಳಗೆ, ಬರಿದಾಗಿ. ಹಳೆಯದನ್ನು ಪದ್ಧತಿಯಂತೆ ಕೆರೆಗೆ ಬಿಟ್ಟು ಬಂದಿದ್ದರು. ಕೀ ಅದರಲ್ಲೇ ಇತ್ತು.

ಅದು ತಿಜೋರಿಯ ಕೀ ಅಲ್ಲ, ಆಟಿಕೆ ಹಡಗಿನದು. ಚಾವಡಿಯ ಗಾಜಿನ ಕಪಾಟಿನಲ್ಲಿ ರಾಯರ ತಗಡಿನ ಸಂಸಾರವೇ ಇತ್ತು: ಎರಡಂತಸ್ತಿನ ಬಸ್ಸು, ಬೆಂಕಿ ಆರಿಸುವ ಲಾರಿ, ಸಾಲು ಸಾಲು ಕಾರುಗಳು, ಎಲ್ಲ ರಾಯರಿಗಿಂತ ಹಿರಿಯವು. ಕಡಲ ಗಾಳಿಗೆ ತುಕ್ಕು ಹಿಡಿದೀತೆಂದು ಹೊಲಿಗೆ ಮೆಷಿನಿನ ಎಣ್ಣೆ ಸವರಿ, ಮೂಲೆಯಲ್ಲಿ ಅಕ್ಕಿಯ ಗಂಟು ಇಟ್ಟು, ಗಾಜಿನ ಸಂದಿಗೆ ಬಟ್ಟೆ ತುರುಕಿ ಕಾಯುತ್ತಿದ್ದರು. ನಡುಮಧ್ಯೆ, ಕೀ ಕೊಟ್ಟರೆ ನೆಲದ ಮೇಲೆ ಓಡುವ ಹಡಗು. ಎರ್ಮಾಳಿನ ಪ್ಯಾಟ್ರಿಕ್, ನಿಜದ ಹಡಗಿನಲ್ಲಿ ದುಡಿಯುತ್ತಿದ್ದವರು, ಕಡಲು ದಡ ಕೊರೆದು ತಮ್ಮ ಅಂಗಳದವರೆಗೆ ಬಂದ ವರ್ಷ ಅದನ್ನು ತಂದುಕೊಟ್ಟಿದ್ದರು. "ನಿಮ್ಮ ಗಾಜಿನೊಳಗೆ ಇರಲಿ, ರಾಯರೇ. ನನ್ನ ಮಗ ಕೇಳಿದ ದಿನ ಒಮ್ಮೆ ಓಡಿಸಿ ತೋರಿಸಿದರೆ ಸಾಕು." ಪ್ಯಾಟ್ರಿಕ್ ಈಗಿಲ್ಲ. ಮಗ ಹೆರಾಲ್ಡ್ ಇವತ್ತು ಮಸ್ಕತ್ತಿಗೆ ಹೊರಟಿದ್ದಾನೆ. ಹೋಗುವ ದಾರಿಯಲ್ಲಿ ಹಡಗು ನೋಡಲು ಬರುತ್ತೇನೆಂದು ಹೇಳಿಕಳಿಸಿದ್ದಾನೆ.

"ಕೆರೆಯ ಮೀನಿಗೆ ಇವತ್ತು ಉಪನಯನ, ಭಾವ," ಎಂದ ವಾಸು. ಸುಭಾಷಿಣಿಯ ತಮ್ಮ, ಉಡುಪಿಯಲ್ಲಿ ಬಿ.ಎ. ಓದುವವ, ಪ್ರಿನ್ಸಿಪಾಲರಿಂದ ಹಿಡಿದು ಬಸ್ಸಿನ ಕಂಡಕ್ಟರನವರೆಗೆ ಯಾರ ಸ್ವರ ಬೇಕಾದರೂ ತೆಗೆಯುವವ.

"ನಗಾಡಬೇಡ! ಇದ್ದದ್ದು ಅದೊಂದೇ ಕೀ. ಅವನಿಗೆ ಎಂತ ಹೇಳಲಿ? ನಿನ್ನ ಅಪ್ಪನ ಕೀ ನೀರುಪಾಲು ಮಾಡಿದೆ ಅಂತಲಾ?"

"ಸತ್ಯ ಹೇಳಿಬಿಡಿ," ಎಂದಳು ಸುಭಾಷಿಣಿ.

"ಬೇಡ ಅಕ್ಕ. ಭಾವ ಕೀ ಕೊಟ್ಟ ಹಾಗೆ ಮಾಡಲಿ. ಬಾಗಿಲ ಹಿಂದೆ ನಿಂತು ನಾನೇ ಹಡಗಾಗುತ್ತೇನೆ."

ರಾಯರು ಸಿಹಿಯನ್ನು ಮುಟ್ಟದೆ ಎದ್ದರು. "ಅದು ಕಿರ್ರ್ ಅನ್ನುತ್ತದೆ, ಅಷ್ಟೇ. ಹೆಚ್ಚು ಮಾಡಬೇಡ ಮಾರಾಯ. ನಿನಗೆ ಹೆಚ್ಚು ಮಾಡುವ ಅಭ್ಯಾಸ ಉಂಟು."

ಗೇಟಿನ ಬಳಿ ಅಂಬಾಸಿಡರಿನ ಹಾರ್ನ್ ಕೇಳಿತು. ಹೆರಾಲ್ಡ್ ಮತ್ತು ಅವನ ಹೆಂಡತಿ ಸೆಲೀನ್ ಚಪ್ಪಲಿ ಬಿಟ್ಟು ಚಾವಡಿಗೆ ಬಂದರು. ಹೆರಾಲ್ಡ್ ಕಪಾಟಿನ ಮುಂದೆ ಇಗರ್ಜಿಯಲ್ಲಿ ನಿಂತಂತೆ ನಿಂತ.

"ಟ್ಯಾಕ್ಸಿ ಕಾಯ್ತಾ ಉಂಟು, ರಾಯರೇ. ಒಮ್ಮೆ ಓಡಿಸುತ್ತೀರಾ?"

"ನೆಲಕ್ಕೆ ಬಿಡುವ ಹಾಗಿಲ್ಲ, ಉಪ್ಪುಗಾಳಿ. ಕೈಯಲ್ಲೇ ಹಿಡಿದು ತೋರಿಸುತ್ತೇನೆ, ಆಯ್ತಾ?" ಎಂದರು ರಾಯರು. ಬಟ್ಟೆ ಕಿತ್ತು ಗಾಜು ಸರಿಸಿದರು. ಬೆನ್ನು ತಿರುಗಿಸಿ, ಶಾಲಿನ ಮರೆಯಲ್ಲಿ ಬರಿಯ ಬೆರಳು ತಿರುವಿದರು. ಕೆಮ್ಮಿದರು.

ಒಳಬಾಗಿಲ ಹಿಂದಿನಿಂದ ಹಡಗು ಹೊರಟಿತು. ಕಿರ್ರ್, ಕಿರ್ರ್. ಬಹಳ ಚೆನ್ನಾಗಿಯೇ ಹೊರಟಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ವಾಸುವಿಗೆ ಉಮೇದು ಬಂದು, ಮುಂಬೈ ಬಂದರಿಗೇ ಕೇಳುವ ಹಾಗೆ ಉದ್ದಕ್ಕೆ "ಭೋಂ" ಎಂದುಬಿಟ್ಟ.

ಸೆಲೀನ್ ಬೆಚ್ಚಿ ಗಂಡನ ತೋಳು ಹಿಡಿದಳು. ಹೆರಾಲ್ಡನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಇನ್ನೊಮ್ಮೆ," ಎಂದ ಮೆಲ್ಲಗೆ.

ರಾಯರು ಮತ್ತೆ ಬೆನ್ನು ತಿರುಗಿಸಿದರು. ಇನ್ನೊಮ್ಮೆ ಕೆಮ್ಮು, ಇನ್ನೊಮ್ಮೆ ಕಿರ್ರ್, ಇನ್ನೊಮ್ಮೆ ಭೋಂ.

ಹೆರಾಲ್ಡ್ ಅಂಗಿಯ ಗುಂಡಿ ಬಿಚ್ಚಿ ಕೊರಳ ಸರವನ್ನು ಹೊರಗೆಳೆದ. ಅದರಲ್ಲಿ ಶಿಲುಬೆಯ ಪಕ್ಕಕ್ಕೆ ಒಂದು ಪುಟ್ಟ ಹಿತ್ತಾಳೆ ಕೀ ತೂಗುತ್ತಿತ್ತು. "ಅಪ್ಪ ಎರಡು ಕೀ ತಂದಿದ್ದರು. ಒಂದು ಹಡಗಿನ ಜೊತೆ ನಿಮಗೆ, ಇನ್ನೊಂದು ನನಗೆ. ನಿಮ್ಮದು ಎಲ್ಲಿ, ರಾಯರೇ?"

ರಾಯರು ಬರಿದಾದ ಹೊಸ ನೂಲನ್ನು ಬೆರಳಲ್ಲಿ ಎತ್ತಿ ತೋರಿಸಿದರು. "ಹಳೆಯದರ ಜೊತೆ ಕೆರೆಗೆ ಹೋಯಿತು, ಹೆರಾಲ್ಡ್. ನನ್ನ ಕೈಯಿಂದಲೇ."

ಹೆರಾಲ್ಡ್ ಕೈ ಚಾಚಿದ. ಹಡಗನ್ನು ತೆಗೆದುಕೊಂಡು, ಮೊಣಕಾಲೂರಿ, ಕೀ ಕೊಟ್ಟು ನೆಲಕ್ಕೆ ಬಿಟ್ಟ. ಕಿರ್ರ್ ಎನ್ನುತ್ತ ಅದು ಕೆಂಪು ನೆಲವನ್ನು ದಾಟಿ, ಒಳಬಾಗಿಲಿಗೆ ಮೂಗು ತಾಗಿಸಿ ನಿಂತಿತು. ಭೋಂ ಅನ್ನಲಿಲ್ಲ. ಅದಕ್ಕೆ ಕೂಗುವ ಯಂತ್ರವೇ ಇರಲಿಲ್ಲ. ಬಾಗಿಲು ಮೆಲ್ಲಗೆ ತೆರೆಯಿತು. ವಾಸು ತಲೆ ತಗ್ಗಿಸಿ ನಿಂತಿದ್ದ.

ಹೆರಾಲ್ಡನ ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾನೆಂದು ಸುಭಾಷಿಣಿ ನೀರು ತರಲು ತಿರುಗಿದಳು. ಆದರೆ ಅವನು ಗೋಡೆಗೆ ಒರಗಿ, ಹೊಟ್ಟೆ ಹಿಡಿದು ನಗುತ್ತಿದ್ದ. ರಾಯರು ನಕ್ಕರು, ಸೆಲೀನ್ ನಕ್ಕಳು, ಹೆದರಿ ಹೆದರಿ ವಾಸುವೂ ನಕ್ಕ. ಎಲ್ಲರ ನಗು ಮುಳುಗುವಷ್ಟು ಜೋರು ಹೆರಾಲ್ಡನದೇ.

"ಹಡಗು ಕೂಗುತ್ತದೆ ಅಂತಲೇ ನಾನು ಸುಮಾರು ವರ್ಷ ನಂಬಿದ್ದೆ," ಎಂದ ಕಣ್ಣೊರೆಸುತ್ತ. "ಅಪ್ಪನೂ ಹೀಗೇ, ಬಾಗಿಲ ಹಿಂದೆ ನಿಂತು ಕೂಗುತ್ತಿದ್ದದ್ದು."

ಗೇಟಿನಿಂದ ಟ್ಯಾಕ್ಸಿಯವ ಮತ್ತೆ ಹಾರ್ನ್ ಹೊಡೆದ. ಹೆರಾಲ್ಡ್ ಹಡಗನ್ನೆತ್ತಿ ಇನ್ನೊಮ್ಮೆ ಕೀ ಕೊಟ್ಟು, ವಾಸುವಿನ ಕಡೆ ನೋಡಿದ.

"ಹೋಗಿ ಮಾರಾಯ್ರೇ, ಬಾಗಿಲು ಹಾಕಿಕೊಳ್ಳಿ."